ಐತಿಹ್ಯವೂ ಆಧಾರವೂ: ಫ್ಲೀಟ್ ಸ್ಟ್ರೀಟಿನ ಒಂದು ಪಾನಗೃಹ

೧

ಸಾಹಿತ್ಯಚರಿತ್ರೆಯಲ್ಲಿ ಗ್ರಂಥಗಳಿಗೆ ಇರುವಂತೆಯೇ ಸ್ಥಳಗಳಿಗೂ ಒಂದು ಪ್ರತಿಷ್ಠೆ ಉಂಟು. ಕವಿ ಹುಟ್ಟಿದ ಮನೆ, ಬರೆದ ಕೋಣೆ, ಗೆಳೆಯರೊಡನೆ ಕುಳಿತ ಮೂಲೆ ಇವುಗಳನ್ನು ಕಣ್ಣಾರೆ ನೋಡಬೇಕೆಂಬ ಆಸೆ ಓದುಗನಿಗೆ ಸಹಜವಾದುದು. ಆದರೆ ಗ್ರಂಥದ ವಿಷಯದಲ್ಲಿ ಪಾಠಾಂತರ, ಪ್ರಕ್ಷೇಪ, ಕಾಲನಿರ್ಣಯ ಎಂದು ನಾವು ವಹಿಸುವ ಎಚ್ಚರದ ಕಾಲುಭಾಗವನ್ನೂ ಸ್ಥಳದ ವಿಷಯದಲ್ಲಿ ವಹಿಸುವುದಿಲ್ಲ. ಗೋಡೆಯ ಮೇಲೆ ಒಂದು ಫಲಕವಿದ್ದರೆ ಸಾಕು, ನಂಬಿಬಿಡುತ್ತೇವೆ. ಸ್ಥಳವೂ ಒಂದು ಪಾಠವೇ. ಅದರಲ್ಲಿಯೂ ಮೂಲಭಾಗವಿದೆ, ಪ್ರಕ್ಷಿಪ್ತಭಾಗವಿದೆ. ಇವೆರಡನ್ನೂ ಬೇರ್ಪಡಿಸಿ ಓದುವುದು ಇತಿಹಾಸದ ವಿದ್ಯಾರ್ಥಿಯ ಕರ್ತವ್ಯ ಎಂಬುದು ಪ್ರಕೃತ ಲೇಖನದ ನಿಲುವು.

ಇದಕ್ಕೆ ನಿದರ್ಶನವಾಗಿ ಲಂಡನ್ ನಗರದ ಫ್ಲೀಟ್ ಸ್ಟ್ರೀಟಿನಲ್ಲಿರುವ ‘ಯೆ ಓಲ್ಡ್ ಚೆಷೈರ್ ಚೀಸ್’ ಎಂಬ ಪಾನಗೃಹವನ್ನು ಇಲ್ಲಿ ತೆಗೆದುಕೊಂಡಿದೆ. ಈ ಆಯ್ಕೆಗೆ ಒಂದು ಸ್ವಂತ ಕಾರಣವೂ ಇದೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಸಮಾಜಜೀವನವನ್ನು ಪಾಠ ಹೇಳುವಾಗ, ನಿಘಂಟುಕಾರನಾದ ಡಾಕ್ಟರ್ ಜಾನ್ಸನ್ನನು ಪ್ರತಿ ಸಂಜೆ ಈ ಗೃಹದಲ್ಲಿ ಮಿತ್ರಗೋಷ್ಠಿ ನಡೆಸುತ್ತಿದ್ದನೆಂದು ಈ ಲೇಖಕನು ತರಗತಿಯಲ್ಲಿ ನಿಸ್ಸಂಕೋಚವಾಗಿ ಹೇಳಿದ್ದುಂಟು. ವಿದ್ಯಾರ್ಥಿಗಳು ಅದನ್ನು ನಂಬಿ ಉತ್ತರಪತ್ರಿಕೆಯಲ್ಲಿ ಬರೆದರು. ಅದಕ್ಕೆ ಅಂಕವನ್ನು ಕೊಟ್ಟದ್ದೂ ಆಯಿತು. ಆ ಸ್ಥಳವನ್ನು ನೋಡಿ ಬಂದ ಮೇಲೆ, ಹೇಳಿದ ಮಾತಿಗೆ ಆಧಾರವೇನೆಂದು ಹುಡುಕಲು ತೊಡಗಿದಾಗ ಕಂಡುಬಂದ ಸಂಗತಿಗಳನ್ನು ಇಲ್ಲಿ ಒಪ್ಪಿಸಲಾಗಿದೆ. ಇದನ್ನು ಒಂದು ವಿಧದ ಪ್ರಾಯಶ್ಚಿತ್ತವೆಂದು ಭಾವಿಸಿದರೂ ಬಾಧಕವಿಲ್ಲ.

೨

ಮೊದಲು ಗೃಹದ ಸ್ವರೂಪ. ಫ್ಲೀಟ್ ಸ್ಟ್ರೀಟಿನಿಂದ ಉತ್ತರಕ್ಕೆ ‘ವೈನ್ ಆಫೀಸ್ ಕೋರ್ಟ್’ ಎಂಬ ಒಂದು ಇಕ್ಕಟ್ಟಾದ ಓಣಿ ಒಡೆಯುತ್ತದೆ. ಗೃಹದ ಬಾಗಿಲು ಇರುವುದು ಈ ಓಣಿಯಲ್ಲಿ. ೧೬೬೬ರ ಮಹಾಗ್ನಿಯಲ್ಲಿ ಹಳೆಯ ಕಟ್ಟಡವು ನಾಶವಾಗಿ, ೧೬೬೭ರಲ್ಲಿ ಪುನಃ ಕಟ್ಟಲ್ಪಟ್ಟಿತೆಂದು ಹೇಳಿಕೆ. ಅಂದಿನಿಂದ ಇಂಗ್ಲೆಂಡನ್ನು ಆಳಿದ ರಾಜರಾಣಿಯರ ಹೆಸರುಗಳೆಲ್ಲ ಬಾಗಿಲ ಬಳಿಯ ಫಲಕದ ಮೇಲೆ ಸಾಲಾಗಿವೆ. ಒಳಗೆ ಹೊಕ್ಕರೆ ಹಗಲಿನಲ್ಲಿಯೂ ಮಬ್ಬುಗತ್ತಲೆ. ಗೋಡೆಗಳಿಗೆ ಕಪ್ಪುಗಟ್ಟಿದ ಮರದ ಹಲಗೆಯ ಹೊದಿಕೆ, ನೆಲದ ಮೇಲೆ ಮರದ ಹೊಟ್ಟು, ಕಲ್ಲಿದ್ದಲಿನ ಅಗ್ಗಿಷ್ಟಿಕೆ, ತಲೆ ತಗ್ಗಿಸಿ ನಡೆಯಬೇಕಾದ ಬಾಗಿಲುಗಳು, ಒಬ್ಬರು ಇಳಿಯುವಾಗ ಇನ್ನೊಬ್ಬರು ಕಾಯಬೇಕಾದ ಮೆಟ್ಟಿಲುಗಳು. ನೆಲದಡಿಯಲ್ಲಿ ಕಮಾನು ಕಟ್ಟಿದ ಉಗ್ರಾಣಗಳು. ಪ್ರವೇಶದ್ವಾರದ ಬಲಕ್ಕೆ ಒಂದು ಚಿಕ್ಕ ಪಾನಶಾಲೆ. ಎಡಕ್ಕೆ ಊಟದ ಕೋಣೆ. ಈ ಊಟದ ಕೋಣೆಯಲ್ಲಿ ಜಾನ್ಸನ್ನನ ಚಿತ್ರವೂ, ಇದು ಆತನ ಮೆಚ್ಚಿನ ಆಸನವೆಂಬ ಸೂಚನೆಯೂ ಇವೆ.

ಈ ಲೇಖಕನು ಹೋದುದು ಚಳಿಗಾಲದ ಒಂದು ಮಧ್ಯಾಹ್ನ. ರೊಟ್ಟಿ, ಗಿಣ್ಣು, ಒಂದು ಬಟ್ಟಲು ಚಹ ಇಷ್ಟರಿಂದಲೇ ಅಲ್ಲಿ ಒಂದು ಗಂಟೆ ಕುಳಿತಿರುವುದು ಸಾಧ್ಯವಾಯಿತು. ಆ ಒಂದು ಗಂಟೆಯಲ್ಲಿ ಬಂದ ಯಾತ್ರಿಕರಲ್ಲಿ ಅನೇಕರು ನೇರವಾಗಿ ಜಾನ್ಸನ್ನನ ಮೂಲೆಗೆ ಹೋಗಿ, ಅಲ್ಲಿ ಕುಳಿತು ಚಿತ್ರ ತೆಗೆಸಿಕೊಂಡು ಹೊರಟುಹೋದರು. ಮೇಲಂತಸ್ತಿನ ಕೋಣೆಯನ್ನು ಕೇಳಿದವರನ್ನು ಮಾತ್ರ ಕಾಣಲಿಲ್ಲ. ಈ ಚಿಕ್ಕ ಸಂಗತಿಯ ಅರ್ಥವೇನೆಂಬುದು ಮುಂದೆ ಸ್ಪಷ್ಟವಾದೀತು.

ಹೆಸರಿನಿಂದಲೇ ವಿಮರ್ಶೆಯನ್ನು ಆರಂಭಿಸಬಹುದು. ‘ಯೆ ಓಲ್ಡ್’ ಎಂಬ ರೂಪವು ಪ್ರಾಚೀನವೆಂದು ತೋರುತ್ತದೆ. ಆದರೆ ಇಂಗ್ಲಿಷಿನ ಹಳೆಯ ಬರವಣಿಗೆಯಲ್ಲಿ ‘ದಿ’ ಎಂಬ ಪದದ ಮೊದಲ ಧ್ವನಿಗೆ ‘ಥಾರ್ನ್’ ಎಂಬ ಪ್ರತ್ಯೇಕ ಅಕ್ಷರವೊಂದಿತ್ತು. ಕೈಬರಹದಲ್ಲಿ ಅದು ‘ವೈ’ ಅಕ್ಷರವನ್ನು ಹೋಲತೊಡಗಿದುದರಿಂದಲೂ ಅಚ್ಚಿನಲ್ಲಿ ‘ವೈ’ಯನ್ನೇ ಬಳಸಿದುದರಿಂದಲೂ ‘ಯೆ’ ಎಂಬ ತಪ್ಪು ಉಚ್ಚಾರಣೆ ಹುಟ್ಟಿತು. ಅಂಗಡಿಮುಂಗಟ್ಟುಗಳಿಗೆ ಈ ರೂಪವನ್ನು ಅಲಂಕಾರವಾಗಿ ತೊಡಿಸುವುದು ಈಚಿನ ಕಾಲದ ಅಭಿರುಚಿ. ಅಂದರೆ, ಹಳೆಯದಾದ ಕಟ್ಟಡವೂ ತನ್ನ ಹಳಮೆಯನ್ನು ಸಾರಿಕೊಳ್ಳಲು ಹೊಸ ವೇಷವೊಂದನ್ನು ಧರಿಸಬೇಕಾಯಿತು. ಮೂಲ ಮತ್ತು ಪ್ರಕ್ಷೇಪಗಳ ಮಿಶ್ರಣವು ಇಲ್ಲಿ ಹೊಸ್ತಿಲಿನಲ್ಲಿಯೇ ಮೊದಲಾಗುತ್ತದೆ.

೩

ಇನ್ನು ಮುಖ್ಯ ಪ್ರಶ್ನೆ: ಜಾನ್ಸನ್ನನು ಇಲ್ಲಿಗೆ ಬರುತ್ತಿದ್ದನೇ? ಬಂದಿರಬಹುದು ಎನ್ನುವುದಕ್ಕೆ ಸ್ಥಳಸಾಮೀಪ್ಯವು ಬಲವಾದ ಕಾರಣ. ೧೭೪೮ರಿಂದ ೧೭೫೯ರವರೆಗೆ ಆತನು ವಾಸಿಸಿದ ಗಫ್ ಚೌಕದ ಮನೆಯು ಇಲ್ಲಿಗೆ ಕೆಲವೇ ಹೆಜ್ಜೆಗಳ ದೂರ. ಆ ಮನೆಯ ಅಟ್ಟದಲ್ಲಿ ಆರು ಮಂದಿ ಸಹಾಯಕರನ್ನಿಟ್ಟುಕೊಂಡು ಆತನು ಸಿದ್ಧಪಡಿಸಿದ ನಿಘಂಟು ೧೭೫೫ರಲ್ಲಿ ಪ್ರಕಟವಾಯಿತು. ಆಮೇಲೆ ವಾಸಿಸಿದ ಇನ್ನರ್ ಟೆಂಪಲ್ ಲೇನ್, ಜಾನ್ಸನ್ಸ್ ಕೋರ್ಟ್, ಬೋಲ್ಟ್ ಕೋರ್ಟ್ ಇವೆಲ್ಲವೂ ಫ್ಲೀಟ್ ಸ್ಟ್ರೀಟಿನ ಆಸುಪಾಸಿನವೇ. ಇದಲ್ಲದೆ ೧೭೬೦ರಿಂದ ಸುಮಾರು ಎರಡು ವರ್ಷ ಆಲಿವರ್ ಗೋಲ್ಡ್‌ಸ್ಮಿತ್ತನು ಇದೇ ವೈನ್ ಆಫೀಸ್ ಕೋರ್ಟಿನಲ್ಲಿ ಬಾಡಿಗೆಗಿದ್ದನು; ೧೭೬೧ರಲ್ಲಿ ಜಾನ್ಸನ್ನನು ಅಲ್ಲಿಗೆ ರಾತ್ರಿಯ ಊಟಕ್ಕೆ ಹೋಗಿದ್ದುದಕ್ಕೆ ದಾಖಲೆಯಿದೆ. ಗೋಲ್ಡ್‌ಸ್ಮಿತ್ತನು ಬಾಡಿಗೆ ಕೊಡಲಾರದೆ ಸಂಕಟಕ್ಕೊಳಗಾದಾಗ, ಜಾನ್ಸನ್ನನು ಆತನ ‘ದಿ ವಿಕಾರ್ ಆಫ್ ವೇಕ್‌ಫೀಲ್ಡ್’ ಕಾದಂಬರಿಯ ಹಸ್ತಪ್ರತಿಯನ್ನು ಕೊಂಡೊಯ್ದು ೬೦ ಪೌಂಡುಗಳಿಗೆ ಮಾರಿಕೊಟ್ಟ ಪ್ರಸಂಗವು ಪ್ರಸಿದ್ಧವಾಗಿದೆ. ಆದುದರಿಂದ ಜಾನ್ಸನ್ನನು ಈ ಓಣಿಯಲ್ಲಿ ಕಾಲಿಟ್ಟಿದ್ದನೆಂಬುದು ನಿಶ್ಚಯ. ಪಾನಗೃಹಗಳಲ್ಲಿ ಕೂಡುವುದು ಆತನಿಗೆ ಪರಮಪ್ರಿಯವಾಗಿತ್ತೆಂಬುದೂ ನಿಶ್ಚಯ.

ಆದರೆ ಓಣಿಯಿಂದ ಗೃಹದೊಳಕ್ಕೆ ಇರುವ ಆ ಕೆಲವು ಹೆಜ್ಜೆಗಳನ್ನು ದಾಟಿಸುವ ಸಮಕಾಲೀನ ದಾಖಲೆ ದೊರೆಯುವುದಿಲ್ಲ. ೧೭೯೧ರಲ್ಲಿ ಪ್ರಕಟವಾದ ಬಾಸ್‌ವೆಲ್ಲನ ಬೃಹತ್ ಜೀವನಚರಿತ್ರೆಯಲ್ಲಿ ‘ಮೈಟರ್’ ಪಾನಗೃಹದ ಹೆಸರು ಮತ್ತೆ ಮತ್ತೆ ಬರುತ್ತದೆ. ೧೭೬೪ರಲ್ಲಿ ಸ್ಥಾಪಿತವಾದ ಸಾಹಿತ್ಯಸಂಘವು ಗೆರಾರ್ಡ್ ಸ್ಟ್ರೀಟಿನ ‘ಟರ್ಕ್ಸ್ ಹೆಡ್’ನಲ್ಲಿ ಕೂಡುತ್ತಿದ್ದ ಸಂಗತಿಯೂ ಬರುತ್ತದೆ. ಊಟದ ಭಕ್ಷ್ಯಗಳನ್ನೂ ಬಿಡದೆ ಬರೆದಿಟ್ಟ ಆ ಗ್ರಂಥಕರ್ತನು ಚೆಷೈರ್ ಚೀಸಿನ ಹೆಸರನ್ನು ಒಮ್ಮೆಯೂ ಎತ್ತುವುದಿಲ್ಲ.

ಈ ಮೌನವನ್ನು ಎಷ್ಟರಮಟ್ಟಿಗೆ ಪ್ರಮಾಣವೆಂದು ಎಣಿಸಬಹುದು? ಇಲ್ಲಿ ದುಡುಕುವುದು ಸರಿಯಲ್ಲ. ಬಾಸ್‌ವೆಲ್ಲನು ಜಾನ್ಸನ್ನನನ್ನು ಮೊದಲು ಕಂಡದ್ದು ೧೭೬೩ರ ಮೇ ೧೬ರಂದು. ಅಂದರೆ ಜಾನ್ಸನ್ನನು ಗಫ್ ಚೌಕವನ್ನು ಬಿಟ್ಟು ನಾಲ್ಕು ವರ್ಷಗಳಾದ ಮೇಲೆ. ಪಾನಗೃಹಕ್ಕೆ ಅತ್ಯಂತ ಸಮೀಪದಲ್ಲಿದ್ದ ವರ್ಷಗಳಿಗೆ ಬಾಸ್‌ವೆಲ್ಲನು ಪ್ರತ್ಯಕ್ಷಸಾಕ್ಷಿಯೇ ಅಲ್ಲ. ಅನಂತರವೂ ಆತನು ಲಂಡನ್ನಿನಲ್ಲಿ ಸದಾ ಇದ್ದವನಲ್ಲ. ವಕೀಲಿ ವೃತ್ತಿಗಾಗಿ ಬಹುಕಾಲ ಎಡಿನ್‌ಬರೋದಲ್ಲಿದ್ದು, ಬಿಡುವಾದಾಗ ಲಂಡನ್ನಿಗೆ ಬಂದುಹೋಗುತ್ತಿದ್ದವನು. ಆದುದರಿಂದ ಬಾಸ್‌ವೆಲ್ಲನು ಹೇಳಲಿಲ್ಲ ಎಂಬುದರಿಂದ ಜಾನ್ಸನ್ನನು ಬರಲಿಲ್ಲ ಎಂಬ ನಿರ್ಣಯ ಹೊರಡುವುದಿಲ್ಲ. ಹಾಗೆಂದು ಬಂದಿದ್ದನೆಂಬ ನಿರ್ಣಯವೂ ಹೊರಡುವುದಿಲ್ಲ. ಮೌನವು ಎರಡು ಪಕ್ಷಕ್ಕೂ ಸಾಕ್ಷಿ ನುಡಿಯದು.

ಐತಿಹ್ಯದ ಪರವಾಗಿ ಉಳಿಯುವುದು ಕರ್ಣಾಕರ್ಣಿಕೆಯ ಸಾಕ್ಷ್ಯ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಗೃಹಕ್ಕೆ ಬರುತ್ತಿದ್ದ ವೃದ್ಧರು, ಜಾನ್ಸನ್ನನನ್ನು ಇಲ್ಲಿ ಕಂಡಿದ್ದ ಹಿರಿಯರನ್ನು ತಾವು ಕಂಡಿದ್ದೆವೆಂದು ಹೇಳಿಕೊಂಡರು. ಇಂತಹ ಸಾಕ್ಷ್ಯವನ್ನು ತಿರಸ್ಕರಿಸಬೇಕಾಗಿಲ್ಲ. ಆದರೆ ಅದು ಹುಟ್ಟಿದುದು ಜಾನ್ಸನ್ನನು ತೀರಿಕೊಂಡ ೧೭೮೪ಕ್ಕೆ ಬಹಳ ಈಚೆಗೆ, ಬಾಸ್‌ವೆಲ್ಲನ ಗ್ರಂಥದಿಂದ ಜಾನ್ಸನ್ನನು ಮನೆಮಾತಾದ ಮೇಲೆ ಎಂಬುದನ್ನು ಮರೆಯಬಾರದು. ಕೀರ್ತಿ ಬಂದ ಮೇಲೆ ನೆನಪು ಬಲಿಯುತ್ತದೆ. ಒಟ್ಟಿನಲ್ಲಿ ಹೇಳಬಹುದಾದುದು ಇಷ್ಟೆ: ಜಾನ್ಸನ್ನನು ಇಲ್ಲಿಗೆ ಬಂದಿದ್ದುದು ಸಂಭವನೀಯ, ಸಿದ್ಧವಲ್ಲ. ಪ್ರತಿ ಸಂಜೆ ಬರುತ್ತಿದ್ದನೆಂಬುದೂ, ಇಂಥದೇ ಮೂಲೆಯಲ್ಲಿ ಕೂಡುತ್ತಿದ್ದನೆಂಬುದೂ ಐತಿಹ್ಯ ಮಾತ್ರ.

೪

ಎರಡನೆಯ ಹೆಸರು ಚಾರ್ಲ್ಸ್ ಡಿಕನ್ಸನದು. ೧೮೫೯ರಲ್ಲಿ ಪ್ರಕಟವಾದ ‘ಎ ಟೇಲ್ ಆಫ್ ಟೂ ಸಿಟೀಸ್’ ಕಾದಂಬರಿಯಲ್ಲಿ, ದೇಶದ್ರೋಹದ ಆಪಾದನೆಯಿಂದ ಬಿಡುಗಡೆಯಾದ ಚಾರ್ಲ್ಸ್ ಡಾರ್ನೆಯನ್ನು ಸಿಡ್ನಿ ಕಾರ್ಟನ್ ಫ್ಲೀಟ್ ಸ್ಟ್ರೀಟಿನ ಒಂದು ಪಾನಗೃಹಕ್ಕೆ ಊಟಕ್ಕೆ ಕರೆದೊಯ್ಯುತ್ತಾನೆ. ಅದು ಈ ಗೃಹವೇ ಎಂದು ಬಹುಮಂದಿಯ ನಂಬಿಕೆ. ಮೇಲ್ಮುಚ್ಚಿಗೆಯುಳ್ಳ ದಾರಿಯೊಂದರಿಂದ ಒಳಹೊಕ್ಕರೆಂಬ ವರ್ಣನೆಯು ಇಲ್ಲಿಯ ಓಣಿಗೆ ಹೊಂದಿಕೆಯಾಗುತ್ತದೆ ನಿಜ. ಆದರೆ ಕಾದಂಬರಿಕಾರನು ಗೃಹದ ಹೆಸರನ್ನು ಹೇಳಿಲ್ಲ. ಅಂತಹ ಓಣಿಗಳು ಫ್ಲೀಟ್ ಸ್ಟ್ರೀಟಿನಲ್ಲಿ ಒಂದೆರಡಲ್ಲ. ವಿಮರ್ಶೆಯ ದೃಷ್ಟಿಯಿಂದ ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಒಂದೇ ರೂಪದ ಇಬ್ಬರು ಎದುರುಬದುರಾಗಿ ಕುಳಿತು, ಒಬ್ಬನು ಮತ್ತೊಬ್ಬನಲ್ಲಿ ತಾನು ಆಗಬಹುದಾಗಿದ್ದ ಮನುಷ್ಯನನ್ನು ಕಾಣುವುದು ಆ ಪ್ರಸಂಗದ ಜೀವಾಳ. ಮೇಜು ಎಲ್ಲಿತ್ತೆಂದು ಹುಡುಕುವವನ ಕೈಗೆ ಆ ಜೀವಾಳ ಸಿಕ್ಕದು. ಕವಿಕಲ್ಪಿತವಾದ ಕೋಣೆಗೆ ಬಾಗಿಲ ಸಂಖ್ಯೆಯನ್ನು ಬರೆಯಲು ಹೊರಡುವುದು ಸಾಹಿತ್ಯಪ್ರೀತಿಯಿಂದ ಹುಟ್ಟಿದರೂ ಸಾಹಿತ್ಯವನ್ನು ಮರೆಸುವ ವ್ಯಾಪಾರವಾಗುತ್ತದೆ.

೫

ಮೂರನೆಯದು ‘ರೈಮರ್ಸ್ ಕ್ಲಬ್’ ಎಂಬ ಕವಿಗೋಷ್ಠಿ. ಇದರ ವಿಷಯದಲ್ಲಿ ಸಂದೇಹಕ್ಕೆ ಅವಕಾಶವೇ ಇಲ್ಲ. ೧೮೯೦ರಲ್ಲಿ ಡಬ್ಲ್ಯು. ಬಿ. ಯೇಟ್ಸ್, ಅರ್ನೆಸ್ಟ್ ರೀಸ್, ಟಿ. ಡಬ್ಲ್ಯು. ರಾಲ್‌ಸ್ಟನ್ ಇವರಿಂದ ಆರಂಭವಾದ ಈ ಗೋಷ್ಠಿಯು ಈ ಗೃಹದ ಮೇಲಂತಸ್ತಿನ ಕೋಣೆಯಲ್ಲಿ ಕೂಡುತ್ತಿತ್ತು. ಲಯನೆಲ್ ಜಾನ್ಸನ್, ಅರ್ನೆಸ್ಟ್ ಡೌಸನ್, ಆರ್ಥರ್ ಸೈಮನ್ಸ್, ರಿಚರ್ಡ್ ಲ ಗಾಲಿಯನ್, ಜಾನ್ ಡೇವಿಡ್‌ಸನ್ ಮೊದಲಾದವರು ಅಲ್ಲಿ ಸೇರಿ, ತಂತಮ್ಮ ಪದ್ಯಗಳನ್ನು ಓದಿ, ಒಬ್ಬರನ್ನೊಬ್ಬರು ವಿಮರ್ಶಿಸುತ್ತಿದ್ದರು. ೧೮೯೨ರಲ್ಲಿ ಹನ್ನೆರಡು ಕವಿಗಳ ಪದ್ಯಗಳನ್ನೊಳಗೊಂಡ ಅವರ ಮೊದಲ ಸಂಕಲನವೂ ೧೮೯೪ರಲ್ಲಿ ಎರಡನೆಯದೂ ಹೊರಬಂದುವು. ಯೇಟ್ಸನ ಅತಿ ಪ್ರಸಿದ್ಧ ಭಾವಗೀತೆಗಳಲ್ಲೊಂದಾದ ‘ದಿ ಲೇಕ್ ಐಲ್ ಆಫ್ ಇನಿಸ್‌ಫ್ರೀ’ ಮೊದಲ ಸಂಕಲನದಲ್ಲಿದೆ. ಇಪ್ಪತ್ತು ವರ್ಷಗಳಿಗೂ ಮಿಕ್ಕು ಕಾಲ ಕಳೆದ ಮೇಲೆ, ೧೯೧೪ರ ‘ರೆಸ್ಪಾನ್ಸಿಬಿಲಿಟೀಸ್’ ಸಂಗ್ರಹದಲ್ಲಿ ಸೇರಿರುವ ‘ದಿ ಗ್ರೇ ರಾಕ್’ ಎಂಬ ಕವನದಲ್ಲಿ ಯೇಟ್ಸನು ತನ್ನ ಹಳೆಯ ಜೊತೆಗಾರರನ್ನು ಈ ಗೃಹದ ಹೆಸರಿನಿಂದಲೇ ಸಂಬೋಧಿಸುತ್ತಾನೆ. ೧೯೨೨ರ ಆತ್ಮವೃತ್ತಾಂತದಲ್ಲಿಯೂ ಆ ಕೋಣೆಯನ್ನು ನೆನೆಯುತ್ತಾನೆ. ಸದಸ್ಯರ ಪುಸ್ತಕಗಳು, ನೆನಪುಗಳು, ಕವಿತೆಯೊಳಗಿನ ಉಲ್ಲೇಖ ಇಷ್ಟು ವಿಧದ ಆಧಾರಗಳು ಒಂದೆಡೆ ಕೂಡಿರುವುದು ಅಪೂರ್ವ.

ಗೋಷ್ಠಿಯ ಗುಣದೋಷಗಳನ್ನೂ ನಿಷ್ಪಕ್ಷಪಾತವಾಗಿ ಹೇಳಬೇಕು. ಎರಡು ಸಂಕಲನಗಳಲ್ಲಿಯೂ ಕಾಲವನ್ನು ಗೆದ್ದು ನಿಂತ ಪದ್ಯಗಳು ಕೆಲವೇ. ಕಾವ್ಯವನ್ನು ಬೋಧನೆಯಿಂದಲೂ ವಾಗಾಡಂಬರದಿಂದಲೂ ಬಿಡಿಸಿ ಶುದ್ಧಗೊಳಿಸಬೇಕೆಂಬ ಹಂಬಲ ಅವರಲ್ಲಿ ಹಲವರಿಗಿತ್ತು. ಶುದ್ಧಿಯ ಭರದಲ್ಲಿ ಅವರ ಕಾವ್ಯದ ವ್ಯಾಪ್ತಿ ಕಿರಿದಾಯಿತು. ಹೆಂಗಸರಿಗೆ ಸದಸ್ಯತ್ವವಿರಲಿಲ್ಲ. ಡೇವಿಡ್‌ಸನ್ನನು ಗೋಷ್ಠಿಗೆ ಬರುತ್ತಿದ್ದರೂ ಸಂಕಲನಗಳಿಗೆ ತನ್ನ ಪದ್ಯಗಳನ್ನು ಕೊಡಲಿಲ್ಲ. ಡೌಸನ್ನನು ೧೯೦೦ರಲ್ಲಿ ಮೂವತ್ತೆರಡನೆಯ ವಯಸ್ಸಿನಲ್ಲಿಯೂ, ಲಯನೆಲ್ ಜಾನ್ಸನ್ನನು ೧೯೦೨ರಲ್ಲಿ ಮೂವತ್ತೈದನೆಯ ವಯಸ್ಸಿನಲ್ಲಿಯೂ ತೀರಿಕೊಂಡರು. ಯೇಟ್ಸನು ಇವರ ಪೀಳಿಗೆಯನ್ನು ದುರಂತದ ಪೀಳಿಗೆಯೆಂದು ಕರೆದುದು ಸಕಾರಣವಾಗಿಯೇ ಇದೆ. ಆದರೆ ಪದ್ಯವನ್ನು ಗೆಳೆಯರ ಕಿವಿಯ ಮುಂದೆ ಒರೆಗೆ ಹಚ್ಚುವ ಅಭ್ಯಾಸ ಯೇಟ್ಸನಿಗೆ ಮೈಗೂಡಿದುದರಲ್ಲಿ ಈ ಕೋಣೆಯ ಪಾಲು ಇದೆ. ಮುಂದೆ ಇವರೆಲ್ಲರನ್ನೂ ಮೀರಿ ಬೆಳೆದ ಕವಿಯೇ ಆ ಋಣವನ್ನು ಒಪ್ಪಿಕೊಂಡಿದ್ದಾನೆ.

ಭಾರತೀಯ ಓದುಗರಿಗೆ ಈ ಕೋಣೆಯು ಇನ್ನೊಂದು ಕಾರಣದಿಂದ ಆದರಣೀಯ. ೧೯೧೨ರಲ್ಲಿ ಪ್ರಕಟವಾದ ಇಂಗ್ಲಿಷ್ ‘ಗೀತಾಂಜಲಿ’ಗೆ ಪೀಠಿಕೆಯನ್ನು ಬರೆದವನು ಯೇಟ್ಸ್. ೧೯೧೫ರಲ್ಲಿ ರವೀಂದ್ರನಾಥ ಠಾಕೂರರನ್ನು ಕುರಿತು ಒಂದು ಗ್ರಂಥವನ್ನೇ ಬರೆದವನು ರೀಸ್. ಗೋಷ್ಠಿಯ ಮೂವರು ಸ್ಥಾಪಕರಲ್ಲಿ ಇಬ್ಬರು ಬಂಗಾಳದ ಕವಿಯನ್ನು ಇಂಗ್ಲಿಷ್ ಓದುಗರಿಗೆ ಪರಿಚಯ ಮಾಡಿಕೊಟ್ಟವರು. ಇದೇ ರೀಸನು ೧೯೦೬ರಲ್ಲಿ ಪ್ರಕಾಶಕ ಜೆ. ಎಂ. ಡೆಂಟನೊಡನೆ ‘ಎವೆರಿಮನ್ಸ್ ಲೈಬ್ರರಿ’ ಎಂಬ ಸುಲಭಬೆಲೆಯ ಗ್ರಂಥಮಾಲೆಗೆ ಸಂಪಾದಕನಾದನು. ನಮ್ಮ ಹಳೆಯ ಕಾಲೇಜುಗಳ ಪುಸ್ತಕಭಂಡಾರಗಳನ್ನು ಬಲ್ಲವರಿಗೆ ಆ ಮಾಲೆಯ ಕಿರಿಯಾಕಾರದ ಸಂಪುಟಗಳು ಅಪರಿಚಿತವಲ್ಲ. ಮಾಲೆಯ ಮೊಟ್ಟಮೊದಲ ಗ್ರಂಥ ಯಾವುದು? ಬಾಸ್‌ವೆಲ್ಲನ ‘ಜಾನ್ಸನ್ನನ ಜೀವನಚರಿತ್ರೆ’! ಕೆಳಗಿನ ಕೋಣೆಯ ಐತಿಹ್ಯಕ್ಕೆ ಆಧಾರವನ್ನು ಕೊಡದ ಆ ಗ್ರಂಥವನ್ನು ಜನಸಾಮಾನ್ಯರ ಕೈಗೆ ತಲಪಿಸಿದವನು, ಮೇಲಿನ ಕೋಣೆಯಲ್ಲಿ ಕುಳಿತಿದ್ದುದಕ್ಕೆ ಆಧಾರವಿರುವವನು.

೬

ಹೀಗಿರುವಲ್ಲಿ, ಆಧಾರವುಳ್ಳ ಕೋಣೆಯನ್ನು ಯಾರೂ ಕೇಳದೆ, ಆಧಾರವಿಲ್ಲದ ಮೂಲೆಯಲ್ಲಿ ಎಲ್ಲರೂ ಕೂಡುವುದೇಕೆ? ಇದಕ್ಕೆ ಮುಖ್ಯವಾಗಿ ಎರಡು ಕಾರಣಗಳನ್ನು ಕೊಡಬಹುದು.

ಮೊದಲನೆಯದು, ಉಳಿದ ಕಟ್ಟಡದ ಭಾಗ್ಯ. ಲಂಡನ್ನಿನ ಸಾಹಿತ್ಯಪ್ರಸಿದ್ಧವಾದ ಪಾನಗೃಹಗಳಲ್ಲಿ ಬಹುಪಾಲು ಅಳಿದುಹೋಗಿವೆ. ‘ಮರ್ಮೇಡ್’ ೧೬೬೬ರ ಬೆಂಕಿಗೆ ಆಹುತಿಯಾಯಿತು. ಬೆನ್ ಜಾನ್ಸನ್ನನು ಶಿಷ್ಯರೊಡನೆ ಕೂಡುತ್ತಿದ್ದ ‘ಡೆವಿಲ್’ ೧೭೮೭ರಲ್ಲಿ ನೆಲಸಮವಾಗಿ ಬ್ಯಾಂಕಿನ ಪಾಲಾಯಿತು. ಚಾಸರನ ಯಾತ್ರಿಕರು ಹೊರಟ ‘ಟ್ಯಾಬರ್ಡ್’ ೧೬೭೬ರಲ್ಲಿ ಸುಟ್ಟು, ಪುನಃ ಕಟ್ಟಲ್ಪಟ್ಟು, ೧೮೭೩ರಲ್ಲಿ ಕೆಡವಲ್ಪಟ್ಟಿತು. ಜಾನ್ಸನ್ನನು ನಿಶ್ಚಯವಾಗಿಯೂ ಕೂಡುತ್ತಿದ್ದ ಮೈಟರ್ ಇಂದು ಇಲ್ಲ. ಭಕ್ತನಿಗೆ ಪ್ರದಕ್ಷಿಣೆಗೆ ಒಂದು ಗುಡಿ ಬೇಕು. ಇದ್ದ ಗುಡಿ ಹೋದರೆ, ನೆರೆಯಲ್ಲಿ ನಿಂತಿರುವ ಗುಡಿಗೆ ದೇವರನ್ನು ಕರೆತರುತ್ತಾನೆ. ಅಳಿದ ಮನೆಗಳ ಕೀರ್ತಿಯೆಲ್ಲ ಉಳಿದ ಮನೆಗೆ ಬಂದು ಸೇರುತ್ತದೆ. ಸ್ಥಳೈತಿಹ್ಯಗಳನ್ನು ಪರೀಕ್ಷಿಸುವಾಗ, ಇದರ ಸುತ್ತಮುತ್ತ ಅಳಿದುಹೋದುದೇನು ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳುವುದು ಲೇಸು.

ಎರಡನೆಯದು, ಐತಿಹ್ಯದಿಂದಾಗುವ ಲಾಭ. ಜಾನ್ಸನ್ನನ ಹೆಸರು ಗಿರಾಕಿಯನ್ನು ಕರೆತರುತ್ತದೆ. ಲಯನೆಲ್ ಜಾನ್ಸನ್ನನ ಹೆಸರು ಕರೆತರುವುದಿಲ್ಲ. ಈ ಗೃಹದಲ್ಲಿದ್ದ ಪಾಲಿ ಎಂಬ ಗಿಣಿಯು ೧೯೨೬ರಲ್ಲಿ ಸತ್ತಾಗ ದೇಶದೇಶಗಳ ಪತ್ರಿಕೆಗಳು ಆ ವಾರ್ತೆಯನ್ನು ಅಚ್ಚುಹಾಕಿದುವು. ನೆರೆಹೊರೆಯೆಲ್ಲ ಪತ್ರಿಕಾಲಯಗಳೇ ಆಗಿದ್ದ ಕಾಲವದು. ಪತ್ರಿಕೋದ್ಯೋಗಿಗಳು ಬಂದು ಕೂಡುತ್ತಿದ್ದ ಮನೆಗೆ ಪ್ರಚಾರವು ತಾನಾಗಿ ಒದಗಿತು. ೧೯೮೬ರಿಂದೀಚೆಗೆ ಪತ್ರಿಕೆಗಳು ಒಂದೊಂದಾಗಿ ಫ್ಲೀಟ್ ಸ್ಟ್ರೀಟನ್ನು ಬಿಟ್ಟುಹೋದುವು. ಇಂದು ಆ ಬೀದಿಯಲ್ಲಿ ಬರೆಯುವವರು ವಿರಳ, ಬರೆದವರ ನೆನಪು ನೋಡಬಂದವರು ವಿಶೇಷ. ಬರೆಯುವವರು ಹೋದಷ್ಟೂ ಐತಿಹ್ಯದ ಅಗತ್ಯ ಹೆಚ್ಚುತ್ತದೆ.

೭

ಹಾಗಾದರೆ ಐತಿಹ್ಯವನ್ನು ಅಳಿಸಿಹಾಕಬೇಕೆ? ಬೇಕಾಗಿಲ್ಲ, ಅದನ್ನು ಅದರ ಕಾಲದಲ್ಲಿಟ್ಟು ಓದಬೇಕು. ಜಾನ್ಸನ್ನನ ಆಸನವು ಹದಿನೆಂಟನೆಯ ಶತಮಾನಕ್ಕೆ ದುರ್ಬಲವಾದ ಸಾಕ್ಷಿ. ಆದರೆ ಹತ್ತೊಂಬತ್ತನೆಯ ಶತಮಾನಕ್ಕೆ ಬಲವಾದ ಸಾಕ್ಷಿ. ಒಬ್ಬ ನಿಘಂಟುಕಾರನನ್ನು, ಒಬ್ಬ ಬಡ ಪಂಡಿತನನ್ನು, ತಮ್ಮ ನಡುವೆ ಕುಳಿತು ಉಂಡವನೆಂದು ನೆನೆಯಲು ಆ ಕಾಲದ ಜನರು ಎಷ್ಟು ಆಸೆಪಟ್ಟರೆಂಬುದನ್ನು ಅದು ತಿಳಿಸುತ್ತದೆ. ಮೇಲಿನ ಕೋಣೆಯ ಕವಿಗಳಾದರೂ ಇಲ್ಲಿಗೆ ಬಂದುದಕ್ಕೆ ಕೆಳಗಿನ ಕೋಣೆಯ ಹಳೆಯ ಹೆಸರು ಒಂದು ಪ್ರೇರಣೆಯಾಗಿರಬಹುದು. ಹಾಗಿದ್ದ ಪಕ್ಷದಲ್ಲಿ, ಆಧಾರವಿಲ್ಲದ ಕಥೆಯೊಂದು ಆಧಾರವುಳ್ಳ ಚರಿತ್ರೆಯೊಂದನ್ನು ಹುಟ್ಟಿಸಿದಂತಾಯಿತು.

ನಮ್ಮಲ್ಲಿಯೂ ಈ ವಿವೇಚನೆಗೆ ಎಡೆಯುಂಟು. ಗದುಗಿನ ವೀರನಾರಾಯಣ ದೇವಾಲಯದಲ್ಲಿ, ಕುಮಾರವ್ಯಾಸನು ಒರಗಿ ಕುಳಿತು ಭಾರತವನ್ನು ರಚಿಸಿದನೆಂದು ಕಂಬವೊಂದನ್ನು ತೋರಿಸುತ್ತಾರೆ. ಗದುಗಿನ ವೀರನಾರಾಯಣನೊಡನೆ ಕವಿಗಿರುವ ಸಂಬಂಧಕ್ಕೆ ಅವನ ಕಾವ್ಯವೇ ಆಧಾರ. ಕಂಬಕ್ಕೆ ಆಧಾರ ಜನರ ನಂಬಿಕೆ. ಎರಡೂ ಗೌರವಾರ್ಹವೇ. ಆದರೆ ಎರಡೂ ಒಂದೇ ಅಲ್ಲ ಎಂಬುದನ್ನು ವಿದ್ಯಾರ್ಥಿಗೆ ಹೇಳಬೇಕಾದವನು ಅಧ್ಯಾಪಕ.

ಆದುದರಿಂದ ಸ್ಥಳಗಳನ್ನು ಕುರಿತು ತರಗತಿಯಲ್ಲಿ ಮಾತನಾಡುವಾಗ ಮೂರು ಕ್ರಿಯಾಪದಗಳನ್ನು ಬೇರೆಬೇರೆಯಾಗಿ ಬಳಸುವುದು ಉಚಿತವೆಂದು ತೋರುತ್ತದೆ. ರೈಮರ್ಸ್ ಕ್ಲಬ್ಬಿನ ಕವಿಗಳು ಇಲ್ಲಿ ಕೂಡುತ್ತಿದ್ದರು. ಜಾನ್ಸನ್ನನು ಇಲ್ಲಿಗೆ ಬಂದಿರಬಹುದು. ಕಾರ್ಟನ್ನನೂ ಡಾರ್ನೆಯೂ ಇಲ್ಲಿ ಉಂಡರೆಂದು ಓದುಗರು ಕಲ್ಪಿಸಿಕೊಂಡಿದ್ದಾರೆ. ಇಷ್ಟು ಎಚ್ಚರದಿಂದ ಕಥೆಯ ಸ್ವಾರಸ್ಯ ಕೆಡುವುದೆಂಬ ಭಯ ಬೇಡ. ಈ ಲೇಖಕನು ಮುಂದಿನ ವರ್ಷ ಇದೇ ಪಾಠಕ್ಕೆ ಬರುವಾಗ ಜಾನ್ಸನ್ನನನ್ನು ಓಣಿಯವರೆಗೆ ಕರೆತಂದು, ಬಾಗಿಲ ಬಳಿ ನಿಲ್ಲಿಸುತ್ತಾನೆ. ಒಳಗೆ ಹೋದನೋ ಇಲ್ಲವೋ ಎಂಬುದನ್ನು ವಿದ್ಯಾರ್ಥಿಗಳೇ ವಿಚಾರಮಾಡಲಿ. ಉತ್ತರಪತ್ರಿಕೆಯಲ್ಲಿ ಅಂಕವು ಆ ವಿಚಾರಕ್ಕೆ ಸಲ್ಲತಕ್ಕದ್ದು.